ಪಾಠ ಮಾಡದೆ ಬಿಟ್ಟ ಪುಟಗಳು

ನನ್ನ ಬಳಿ ವಿಜ್ಞಾನ ಕಲಿತವರಿಗೆಲ್ಲ ಒಂದು ಸಂಗತಿ ನೆನಪಿರಬಹುದು. ವರ್ಷದ ಕೊನೆಗೆ ಸಂತಾನೋತ್ಪತ್ತಿಯ ಅಧ್ಯಾಯ ಬಂದಾಗ ನಾನು ದಾಸವಾಳದ ಹೂವೊಂದನ್ನು ತರಗತಿಗೆ ತರುತ್ತಿದ್ದೆ. ಕೇಸರ, ಶಲಾಕೆಗಳ ಚಿತ್ರವನ್ನು ಬಣ್ಣದ ಸೀಮೆಸುಣ್ಣದಲ್ಲಿ ಅಂದವಾಗಿ ಬರೆದು, ಪರಾಗಸ್ಪರ್ಶವನ್ನು ಎರಡು ಪಿರಿಯಡ್ ವಿವರಿಸುತ್ತಿದ್ದೆ. ಮನುಷ್ಯರ ವಿಷಯಕ್ಕೆ ಬಂದೊಡನೆ ಪುಸ್ತಕ ಮುಚ್ಚಿ, "ಉಳಿದದ್ದನ್ನು ಮನೆಯಲ್ಲಿ ಓದಿಕೊಳ್ಳಿ" ಎನ್ನುತ್ತಿದ್ದೆ. ಹಿಂದಿನ ಬೆಂಚಿನ ಹುಡುಗರು ಮುಸಿಮುಸಿ ನಗುತ್ತಿದ್ದರು. ಹುಡುಗಿಯರು ತಲೆ ತಗ್ಗಿಸಿ ಅಂಚಿಗೆ ಗೆರೆ ಹೊಡೆಯುತ್ತಿದ್ದರು. ಮೂವತ್ತಾರು ವರ್ಷಗಳ ಸೇವೆಯಲ್ಲಿ ನಾನು ಆ ನಾಲ್ಕೈದು ಪುಟಗಳನ್ನು ಒಮ್ಮೆಯೂ ತರಗತಿಯಲ್ಲಿ ಓದಿಸಲಿಲ್ಲ. ಇಂದು ಎಪ್ಪತ್ತು ದಾಟಿದ ಮೇಲೆ ಆ ಸಾಲವನ್ನು ತೀರಿಸಲು ಕುಳಿತಿದ್ದೇನೆ. ನಾನು ಹೇಳಹೊರಟಿರುವುದು ಆ ಪುಟಗಳಲ್ಲಿಯೂ ಇರಲಿಲ್ಲವೆಂಬುದು ನಿಜ. ಆದರೆ ಅಂದು ನಾನು ಬಾಯಿಬಿಟ್ಟಿದ್ದರೆ ಅದನ್ನು ಕೇಳುವ ಧೈರ್ಯ ನಿಮ್ಮಲ್ಲಿ ಕೆಲವರಿಗಾದರೂ ಬರುತ್ತಿತ್ತೇನೋ.

ವಿಷಯ ಇಷ್ಟೇ. ಹೆರಿಗೆಯ ನಂತರ, ಮುಟ್ಟು ನಿಂತ ನಂತರ, ಎಷ್ಟೋ ಹೆಣ್ಣುಮಕ್ಕಳಿಗೆ ಕೆಮ್ಮಿದರೆ, ಸೀನಿದರೆ, ಭಾರ ಎತ್ತಿದರೆ ಮೂತ್ರ ಸೋರುತ್ತದೆ. ಕೆಲವರಿಗೆ ಗರ್ಭಕೋಶ ಕೆಳಗೆ ಜಾರುತ್ತದೆ. ಇದನ್ನು ಯಾರಿಗೂ ಹೇಳದೆ ಜೀವಮಾನವಿಡೀ ಸಹಿಸುವುದು ನಮ್ಮಲ್ಲಿ ರೂಢಿ. ಆದರೆ ಇದಕ್ಕೆ ಶಸ್ತ್ರಕ್ರಿಯೆಗೂ ಮೊದಲೇ ಮಾಡಬಹುದಾದ, ಔಷಧಿಯೂ ಬೇಡದ ಒಂದು ಚಿಕಿತ್ಸೆಯಿದೆ. ಅದನ್ನು ಕಲಿಸುವವರು ತರಬೇತಿ ಪಡೆದ ಫಿಸಿಯೋಥೆರಪಿಸ್ಟ್‌ಗಳು. ಅದು ನನಗೆ ತಿಳಿಯುವ ಹೊತ್ತಿಗೆ ನಾನು ಮೂವತ್ತೈದು ವರ್ಷಗಳನ್ನು ಕಳೆದುಕೊಂಡಿದ್ದೆ. ನೀವು ಕಳೆದುಕೊಳ್ಳಬಾರದೆಂಬುದೇ ಈ ಬರಹದ ಉದ್ದೇಶ.

ನಾಚಿಕೆಯನ್ನು ಬದಿಗಿಟ್ಟು ನನ್ನ ಕಥೆಯಿಂದಲೇ ಆರಂಭಿಸುತ್ತೇನೆ. 1983ರಲ್ಲಿ ನನ್ನ ಎರಡನೆಯ ಹೆರಿಗೆಯಾಯಿತು. ಮಗು ದಪ್ಪಗಿತ್ತು, ಹೆರಿಗೆ ಕಷ್ಟವಾಯಿತು, ಹೊಲಿಗೆ ಬಿತ್ತು. ತವರಿನಲ್ಲಿ ಬಾಣಂತನ ಮುಗಿಸಿ ಶಾಲೆಗೆ ಮರಳಿದ ಮೊದಲ ವಾರದಲ್ಲೇ ಏನೋ ಬದಲಾಗಿದೆಯೆಂದು ತಿಳಿಯಿತು. ಜೋರಾಗಿ ಸೀನಿದರೆ ಒಳಲಂಗ ಒದ್ದೆಯಾಗುತ್ತಿತ್ತು. ನಮ್ಮ ಶಾಲೆಯಲ್ಲಿ ಶಿಕ್ಷಕಿಯರಿಗೆ ಶೌಚಾಲಯವಿರಲಿಲ್ಲವೆಂಬುದು ಅಲ್ಲಿ ಓದಿದವರಿಗೆ ಗೊತ್ತು. ಬೆಳಿಗ್ಗೆ ಒಂಬತ್ತೂವರೆಗೆ ಮನೆ ಬಿಟ್ಟರೆ ಸಂಜೆ ಐದರವರೆಗೆ ತಡೆದುಕೊಳ್ಳಬೇಕು. ಅದಕ್ಕೆ ನಾನು ಕಂಡುಕೊಂಡ ಉಪಾಯ ನೀರು ಕುಡಿಯದಿರುವುದು ಮತ್ತು ಹಳೆಯ ಹತ್ತಿಸೀರೆಯ ತುಂಡನ್ನು ಮಡಿಸಿಟ್ಟುಕೊಳ್ಳುವುದು. ನೀರು ಕುಡಿಯದಿದ್ದರೆ ಮೂತ್ರ ಗಾಢವಾಗಿ ಉರಿ ಹೆಚ್ಚುತ್ತದೆ, ಮಲಬದ್ಧತೆಯಾಗುತ್ತದೆ, ಮುಕ್ಕಿರಿಯುವುದರಿಂದ ಕೆಳಗಿನ ಸ್ನಾಯುಗಳು ಇನ್ನೂ ಸಡಿಲವಾಗುತ್ತವೆ. ವಿಜ್ಞಾನದ ಶಿಕ್ಷಕಿಯಾದ ನನಗೆ ಇದು ಹೊಳೆಯಲಿಲ್ಲವೆಂದರೆ ಏನು ಹೇಳಲಿ!

ಅಂಥ ದಿನಗಳಲ್ಲೇ ಒಮ್ಮೆ ನಡೆದದ್ದನ್ನು ನಿಮ್ಮಲ್ಲಿ ಕೆಲವರು ಕಣ್ಣಾರೆ ಕಂಡಿದ್ದೀರಿ. ಒಂಬತ್ತನೆಯ ತರಗತಿ. ಬೋರ್ಡು ಒರೆಸುವಾಗ ಸೀಮೆಸುಣ್ಣದ ಧೂಳು ಮೂಗಿಗೆ ಹೋಗಿ ಒಂದರ ಮೇಲೊಂದು ನಾಲ್ಕು ಸೀನು ಬಂದವು. ಬಂದೊಡನೆ ನಾನು ಕುರ್ಚಿಯಲ್ಲಿ ಕುಳಿತು, ನಿಮಗೆ ಉಕ್ತಲೇಖನ ಹೇಳತೊಡಗಿದೆ. ಅದೇ ಹೊತ್ತಿಗೆ ಮೇಲಧಿಕಾರಿಯೊಬ್ಬರು ತಪಾಸಣೆಗೆಂದು ಒಳಬಂದರು. ನೀವೆಲ್ಲ ಎದ್ದು ನಿಂತಿರಿ. ನಾನು ಏಳಲಿಲ್ಲ. ತಿಳಿನೀಲಿ ಸೀರೆ ಉಟ್ಟಿದ್ದೆ. ಎದ್ದಿದ್ದರೆ ನಲವತ್ತು ಮಕ್ಕಳ ಮುಂದೆ ನನ್ನ ಮಾನ ಹೋಗುತ್ತಿತ್ತು. ಕುಳಿತೇ ಕೈಮುಗಿದೆ. ಹದಿನೈದು ದಿನಗಳ ನಂತರ "ಅಗೌರವದ ವರ್ತನೆ"ಗೆ ಕಾರಣ ಕೇಳಿ ನೋಟೀಸು ಬಂತು. ಕಾಲು ಉಳುಕಿತ್ತೆಂದು ಸುಳ್ಳು ಬರೆದುಕೊಟ್ಟೆ. ಮೇಡಂ ಅಧಿಕಾರಿಗೂ ಹೆದರುವವರಲ್ಲವೆಂದು ಆ ತರಗತಿಯ ಹುಡುಗರು ಬಹಳ ಕಾಲ ಹೆಮ್ಮೆಯಿಂದ ಹೇಳಿಕೊಂಡರಂತೆ. ಆ ಹೆಮ್ಮೆಗೆ ನಾನು ಅರ್ಹಳಾಗಿರಲಿಲ್ಲ, ಮಕ್ಕಳೇ.

ನನಗೆ ಮೌನವನ್ನು ಕಲಿಸಿದವರು ನಮ್ಮಮ್ಮ. ಏಳು ಹೆತ್ತವರು, ಹೆತ್ತ ಮೂರನೆಯ ವಾರಕ್ಕೇ ಬಾವಿಯಿಂದ ನೀರು ಸೇದಿದವರು. ಅವರು ಯಾವಾಗಲೂ ಮಣೆಯ ಮೇಲೆ ಒಂದು ಬದಿಗೆ ವಾಲಿ ಕೂರುತ್ತಿದ್ದುದನ್ನು ನಾವು ಮಕ್ಕಳೆಲ್ಲ ಕಂಡಿದ್ದೆವು. ಅದು ಅವರ ಅಭ್ಯಾಸವೆಂದುಕೊಂಡಿದ್ದೆವು. ಕೊನೆಯ ದಿನಗಳಲ್ಲಿ ನನ್ನ ಮನೆಗೆ ಬಂದಾಗ, ನಾನೇ ಸ್ನಾನ ಮಾಡಿಸುವಾಗ ನಿಜ ತಿಳಿಯಿತು. ಗರ್ಭಕೋಶ ಪೂರ್ತಿ ಹೊರಗೆ ಜಾರಿತ್ತು. ಉಜ್ಜಿ ಉಜ್ಜಿ ಹುಣ್ಣಾಗಿತ್ತು. ಎಷ್ಟು ವರ್ಷದಿಂದ ಎಂದು ಕೇಳಿದೆ. "ನಿನ್ನ ತಮ್ಮ ಹುಟ್ಟಿದಾಗಿನಿಂದ" ಎಂದರು. ಆಗ ತಮ್ಮನಿಗೆ ಮೂವತ್ತೆಂಟು. ಯಾಕಮ್ಮ ಹೇಳಲಿಲ್ಲವೆಂದರೆ, "ಹೆಂಗಸಾಗಿ ಹುಟ್ಟಿದ ಮೇಲೆ ಇದೆಲ್ಲ ಇದ್ದದ್ದೇ ಕಣೇ" ಎಂದು ಮುಖ ತಿರುಗಿಸಿದರು. ಅಂದು ನಾನು ಅತ್ತೆ. ಆದರೆ ಅಷ್ಟಾದರೂ ನನ್ನ ಮಡಿಸಿದ ಬಟ್ಟೆಯ ವಿಷಯ ಅವರಿಗೆ ಹೇಳಲಿಲ್ಲ. ಬಚ್ಚಲಮನೆಯಲ್ಲಿ ತಾಯಿ ಮಗಳು ಇಬ್ಬರೇ ಇದ್ದೆವು, ಒಂದೇ ಬೇನೆಯಿತ್ತು, ಆದರೂ ಮಾತು ಬರಲಿಲ್ಲ.

ನಿವೃತ್ತಿಯಾಗಿ ಆರೇಳು ವರ್ಷಗಳಾದ ಮೇಲೆ, ನಿಮ್ಮಲ್ಲೇ ಒಬ್ಬಳು ಮಗಳ ಮದುವೆಯ ಕರೆಯೋಲೆ ಕೊಡಲು ಮನೆಗೆ ಬಂದಳು. ಫಿಸಿಯೋಥೆರಪಿ ಓದಿ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದಾಳೆಂದು ಕೇಳಿದ್ದೆ. ಫಿಸಿಯೋಥೆರಪಿಯೆಂದರೆ ಮಂಡಿನೋವಿಗೆ, ಮುರಿದ ಕೈಕಾಲಿಗೆ ಎಂದಷ್ಟೇ ನನ್ನ ಕಲ್ಪನೆ. ಕಾಫಿ ಕೊಡುವಾಗ ನನಗೆ ಕೆಮ್ಮು ಬಂತು. ಲೋಟ ಕೆಳಗಿಟ್ಟು ಅವಳು ಮೆಲ್ಲನೆ ಕೇಳಿದಳು: "ಮೇಡಂ, ಬೇಸರ ಮಾಡಿಕೊಳ್ಳಬಾರದು. ಕೆಮ್ಮುವ ಮುಂಚೆ ನೀವು ಕಾಲು ಅಡ್ಡ ಹಾಕಿಕೊಂಡಿರಿ. ಎಷ್ಟು ವರ್ಷದಿಂದ ಹೀಗಿದೆ?" ಇದೆಯೇ ಎಂದಲ್ಲ, ಎಷ್ಟು ವರ್ಷದಿಂದ ಎಂದು! ನಾನು ನಕ್ಕು, "ವಯಸ್ಸಾಯಿತಲ್ಲಮ್ಮ, ಇದೆಲ್ಲ ಇದ್ದದ್ದೇ" ಎಂದೆ. ಆಡಿದ ಮೇಲೆ ತಿಳಿಯಿತು, ಅದು ನಮ್ಮಮ್ಮನ ಮಾತು. ಅವಳು ಹೇಳಿದಳು: "ಇದ್ದದ್ದೇ ನಿಜ ಮೇಡಂ. ಆದರೆ ಇರಲೇಬೇಕೆಂದಿಲ್ಲ."

ಅವಳು ನನಗೆ ಮಾಡಿದ ಪಾಠವನ್ನು, ನಾನು ನಿಮಗೆ ಮಾಡದೆ ಬಿಟ್ಟ ಪಾಠವೆಂದೇ ತಿಳಿದು ಇಲ್ಲಿ ಬರೆಯುತ್ತೇನೆ. ಸೊಂಟದ ಎಲುಬುಗಳು ಸೇರಿ ಒಂದು ಬೋಗುಣಿಯ ಆಕಾರವಾಗಿದೆ. ಆ ಬೋಗುಣಿಗೆ ಎಲುಬಿನ ತಳವಿಲ್ಲ. ಮುಂದಿನ ಎಲುಬಿನಿಂದ ಹಿಂದೆ ಬೆನ್ನುಮೂಳೆಯ ತುದಿಯವರೆಗೆ ಮಗುವಿನ ಜೋಲಿಯಂತೆ ಹರಡಿರುವ ಮಾಂಸಖಂಡಗಳೇ ಅದರ ತಳ. ಇವನ್ನು ಶ್ರೋಣಿತಳದ ಸ್ನಾಯುಗಳು ಎನ್ನುತ್ತಾರೆ. ಮೂತ್ರಕೋಶ, ಗರ್ಭಕೋಶ, ಗುದನಾಳ ಮೂರಕ್ಕೂ ಕೆಳಗಿನಿಂದ ಆಧಾರ ಈ ಜೋಲಿಯೇ. ಅವುಗಳ ದ್ವಾರಗಳು ಇದರ ಮೂಲಕವೇ ಹಾದುಹೋಗುತ್ತವೆ. ತಡೆಯಬೇಕಾದಾಗ ಬಿಗಿಯಾಗಿ, ಬಿಡಬೇಕಾದಾಗ ಸಡಿಲವಾಗಿ, ನಾವು ಉಸಿರೆಳೆದಾಗ ತುಸು ಕೆಳಗಿಳಿದು, ಉಸಿರು ಬಿಟ್ಟಾಗ ಮೇಲೇರಿ ಹಗಲಿರುಳು ಕೆಲಸ ಮಾಡುತ್ತಿರುತ್ತದೆ. ಹೆರಿಗೆಯಲ್ಲಿ ಮಗುವಿನ ತಲೆ ಹೊರಬರುವಾಗ ಇದರ ಕೆಲವು ಭಾಗಗಳು ಮೂಲ ಉದ್ದದ ಮೂರು ಪಟ್ಟಿಗೂ ಹೆಚ್ಚು ಹಿಗ್ಗಬೇಕಾಗುತ್ತದೆಂದು ಗಣಕಯಂತ್ರದ ಮಾದರಿಗಳಿಂದ ಲೆಕ್ಕ ಹಾಕಿದ್ದಾರೆ. ದೇಹದ ಬೇರಾವ ಸ್ನಾಯು ಇಷ್ಟು ಎಳೆತಕ್ಕೆ ಒಳಗಾದರೂ ನಾವು ಬ್ಯಾಂಡೇಜು ಸುತ್ತಿ ವೈದ್ಯರ ಬಳಿ ಓಡುತ್ತೇವೆ. ಇದಕ್ಕೆ ಮಾತ್ರ ಆರೈಕೆಯಿಲ್ಲ. ಬಾಣಂತನದಲ್ಲಿ ಎಣ್ಣೆ, ನೀರು, ಹೊಟ್ಟೆಗೆ ಬಿಗಿದು ಕಟ್ಟುವ ಸೀರೆ, ಕರಿಮೆಣಸಿನ ಸಾರು ಎಲ್ಲ ಇದೆ. ಈ ಜೋಲಿಯನ್ನು ಕೇಳುವವರಿಲ್ಲ.

ಹೆರಿಗೆಯೊಂದೇ ಕಾರಣವಲ್ಲ. ದೀರ್ಘಕಾಲದ ಕೆಮ್ಮು, ಮಲಬದ್ಧತೆ, ದಿನವೂ ಭಾರ ಹೊರುವ ದುಡಿಮೆ, ಅತಿತೂಕ ಇವೆಲ್ಲ ಸೇರುತ್ತವೆ. ಮುಟ್ಟು ನಿಂತ ಮೇಲೆ ಹಾರ್ಮೋನು ಕಡಿಮೆಯಾಗಿ ಅಲ್ಲಿಯ ಅಂಗಾಂಶಗಳು ತೆಳುವಾಗುತ್ತವೆ. ಹೀಗೆ ಬಲಗುಂದಿದಾಗ ಕೆಲವರಿಗೆ ಕೆಮ್ಮಿದರೆ ಮೂತ್ರ ಸೋರುತ್ತದೆ. ಕೆಲವರಿಗೆ ಗರ್ಭಕೋಶವೋ ಮೂತ್ರಕೋಶವೋ ಜಾರಿ ಏನೋ ಕೆಳಗೆ ತೂಗಿದಂತಾಗುತ್ತದೆ. ಕೆಲವರಿಗೆ ವಾಯು, ಮಲ ತಡೆಯಲಾಗುವುದಿಲ್ಲ. ಬಚ್ಚಲು ತಲಪುವಷ್ಟರಲ್ಲಿ ತಡೆಯಲಾರದೆ ಹೋಗುವ ಅವಸರದ ತೊಂದರೆಯೂ ಉಂಟು. ಅಲ್ಲಿ ಮೂತ್ರಕೋಶವೇ ಹೊತ್ತಲ್ಲದ ಹೊತ್ತಿನಲ್ಲಿ ಹಿಂಡಿಕೊಳ್ಳುತ್ತಿರುತ್ತದೆ. ಒಂದೊಂದರ ಬಗೆ ಬೇರೆ, ಮದ್ದೂ ತುಸು ಬೇರೆ. ಆದ್ದರಿಂದಲೇ ಮೊದಲು ಪರೀಕ್ಷೆಯಾಗಬೇಕು.

ಅವಳ ಚಿಕಿತ್ಸಾಲಯಕ್ಕೆ ಹೋದ ಮೊದಲ ದಿನ ಯಂತ್ರಗಳಿರುತ್ತವೆಂದು ಹೆದರಿದ್ದೆ. ಇದ್ದದ್ದು ಬಾಗಿಲು ಹಾಕಿದ ಒಂದು ಕೋಣೆ, ಒಂದು ಮಂಚ, ಎರಡು ಕುರ್ಚಿ. ಮುಕ್ಕಾಲು ಗಂಟೆ ಬರಿಯ ಮಾತು: ಎಷ್ಟು ಹೆರಿಗೆ, ಯಾವಾಗ ಸೋರುತ್ತದೆ, ದಿನಕ್ಕೆ ಎಷ್ಟು ನೀರು, ಮಲವಿಸರ್ಜನೆ ಹೇಗೆ. ನನ್ನ ಜೀವಮಾನದಲ್ಲಿ ಯಾರೂ ಕೇಳದ ಪ್ರಶ್ನೆಗಳು. ಮೂರು ದಿನ ಏನು ಕುಡಿದೆ, ಎಷ್ಟು ಹೊತ್ತಿಗೆ ಮೂತ್ರಕ್ಕೆ ಹೋದೆ, ಯಾವಾಗ ಸೋರಿತು ಎಂದು ಬರೆದು ತರಲು ಹೇಳಿದಳು. ಎರಡನೆಯ ಸಲ, ನನ್ನ ಒಪ್ಪಿಗೆ ಕೇಳಿ, ಬೇಡವೆನಿಸಿದರೆ ಯಾವ ಕ್ಷಣದಲ್ಲೂ ನಿಲ್ಲಿಸಬಹುದೆಂದು ಹೇಳಿ, ಕೈಗವಸು ತೊಟ್ಟು ಬೆರಳಿನಿಂದ ಆ ಸ್ನಾಯುವಿನ ಬಲವನ್ನು ಪರೀಕ್ಷಿಸಿದಳು. "ಒಳಕ್ಕೆ ಎಳೆದುಕೊಳ್ಳಿ ಮೇಡಂ" ಎಂದಾಗ ನಾನು ಶಕ್ತಿಮೀರಿ ಪ್ರಯತ್ನಿಸಿದೆ. ಅವಳೆಂದಳು: "ನೀವು ಎಳೆದುಕೊಳ್ಳುತ್ತಿಲ್ಲ, ಮುಕ್ಕಿರಿಯುತ್ತಿದ್ದೀರಿ." ಯಾವುದೋ ವಾರಪತ್ರಿಕೆಯಲ್ಲಿ ಓದಿ ವರ್ಷಗಟ್ಟಲೆ ನಾನೇ ಮಾಡುತ್ತಿದ್ದ ವ್ಯಾಯಾಮ ತಲೆಕೆಳಗಾಗಿತ್ತು! ಇದು ನನ್ನೊಬ್ಬಳ ದಡ್ಡತನವಲ್ಲ. ಅಮೆರಿಕದಲ್ಲಿ 1991ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬಾಯಿಮಾತಿನಿಂದ ಮಾತ್ರ ಕಲಿತ 47 ಮಹಿಳೆಯರಲ್ಲಿ ಸರಿಯಾಗಿ ಮಾಡಿದವರು ಅರ್ಧದಷ್ಟು. ಕಾಲುಭಾಗದಷ್ಟು ಮಂದಿ ತೊಂದರೆಯನ್ನು ಹೆಚ್ಚಿಸುವಂತೆಯೇ ಮಾಡುತ್ತಿದ್ದರು. ಈ ಬರಹ ಓದಿ ನೀವೇ ಶುರುಮಾಡಿ ಎಂದು ನಾನು ಹೇಳದಿರುವುದು ಇದಕ್ಕೇ. ಈಜು ಹೇಗೆ ಪುಸ್ತಕದಿಂದ ಬರುವುದಿಲ್ಲವೋ ಇದೂ ಹಾಗೆಯೇ.

ಸರಿಯಾದ ಚಲನೆ ಸಿಕ್ಕ ಮೇಲೆ ಮನೆಪಾಠ ಶುರುವಾಯಿತು. ವಾಯುವನ್ನೂ ಮೂತ್ರವನ್ನೂ ಒಟ್ಟಿಗೆ ತಡೆಯುವಂತೆ ಒಳಕ್ಕೂ ಮೇಲಕ್ಕೂ ಎಳೆಯಬೇಕು. ಉಸಿರು ಕಟ್ಟಬಾರದು, ಪೃಷ್ಠ, ತೊಡೆ ಬಿಗಿಯಬಾರದು. ಕೆಲವು ಎಣಿಕೆಯವರೆಗೆ ಹಿಡಿದು ಪೂರ್ತಿ ಸಡಿಲಿಸಬೇಕು. ಒಂದು ಸಲಕ್ಕೆ ಎಂಟು, ದಿನಕ್ಕೆ ಮೂರು ಸಲ. ಆಮೇಲೆ ಒಂದು ಜಾಣತನ ಕಲಿಸಿದಳು: ಕೆಮ್ಮು ಬರುತ್ತದೆನ್ನುವಾಗ, ಬಕೆಟ್ ಎತ್ತುವ ಮುನ್ನ, ಆ ಕ್ಷಣಕ್ಕೆ ಸರಿಯಾಗಿ ಬಿಗಿಹಿಡಿಯುವುದು. ಯಾವುದಕ್ಕೂ ಇರಲಿ ಎಂದು ಗಳಿಗೆಗೊಮ್ಮೆ ಬಚ್ಚಲಿಗೆ ಹೋಗುವ ನನ್ನ ಅಭ್ಯಾಸವನ್ನು ಬಿಡಿಸಿದಳು. ನೀರು ಕುಡಿಸಿದಳು. ಕಮೋಡಿನ ಮುಂದೆ ಕಾಲಿಡಲು ಒಂದು ಕುಳ್ಳು ಸ್ಟೂಲು ಇಡಿಸಿದಳು. ಮೊಣಕಾಲು ಮೇಲೆ ಬಂದರೆ ಮುಕ್ಕಿರಿಯಬೇಕಾಗುವುದಿಲ್ಲ. ಕ್ಯಾಲೆಂಡರಿನಲ್ಲಿ ದಿನಕ್ಕೆ ಮೂರು ಗೀಟು ಹಾಕಬೇಕೆಂದು ಕಟ್ಟಪ್ಪಣೆ. ಹಿಂದೆ ಹೋಂವರ್ಕ್ ಬರೆಯದೆ ಬಂದು ನನ್ನಿಂದ ಬೆಂಚಿನ ಮೇಲೆ ನಿಲ್ಲಿಸಿಕೊಂಡವಳೇ ಅವಳು. ನನ್ನ ಗೀಟುಗಳನ್ನು ಎಣಿಸುವಾಗ ಅವಳ ಮುಖದಲ್ಲಿ ಸಣ್ಣ ನಗುವಿತ್ತು.

ಆರು ವಾರಗಳಾದರೂ ಏನೂ ಬದಲಾಗಲಿಲ್ಲ. ಇದೆಲ್ಲ ನನ್ನ ವಯಸ್ಸಿಗಲ್ಲವೆಂದು ಬಿಟ್ಟುಬಿಡುವುದರಲ್ಲಿದ್ದೆ. ಸ್ನಾಯು ಬಲಗೊಳ್ಳಲು ಕನಿಷ್ಠ ಮೂರು ತಿಂಗಳು ಬೇಕೆಂದು ಅವಳು ಹಟ ಹಿಡಿದಳು. ನಾಲ್ಕನೆಯ ತಿಂಗಳಲ್ಲಿ ಅವಳ ಮಗಳ ಮದುವೆಗೆ ಹೋದೆ. ಬಸ್ಸಿನಲ್ಲಿ ನೀರು ಕುಡಿದೆ. ಊಟದ ಪಂಕ್ತಿಯಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಹಾಸ್ಯಕ್ಕೆ ಹೊಟ್ಟೆ ಹಿಡಿದು ನಕ್ಕೆ. ನಕ್ಕು ಮುಗಿದ ಮೇಲೆ ನೆನಪಾಯಿತು, ನಾನು ಕಾಲು ಅಡ್ಡ ಹಾಕಿರಲಿಲ್ಲ. ಪೂರ್ತಿ ವಾಸಿಯಾಯಿತೆಂದು ಹೇಳಲಾರೆ. ಜೋರು ನೆಗಡಿಯಾದರೆ ಈಗಲೂ ಒಂದೆರಡು ಹನಿ ಬೀಳುವುದುಂಟು, ವ್ಯಾಯಾಮ ಬಿಟ್ಟರೆ ಮತ್ತೆ ಸಡಿಲವಾಗುವುದುಂಟು. ಆದರೆ ಬಟ್ಟೆ ಮಡಿಸಿಡುವುದು ನಿಂತಿತು.

ಇದೇನು ಹೊಸ ಶೋಕಿಯಲ್ಲ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಮಿನ್ನಿ ರ‍್ಯಾಂಡೆಲ್ ಮತ್ತು ನೃತ್ಯಗಾತಿಯಾಗಿದ್ದು ಫಿಸಿಯೋಥೆರಪಿ ಕಲಿತ ಮಾರ್ಗರೆಟ್ ಮಾರಿಸ್ ಇಬ್ಬರೂ ಸೇರಿ 1936ರಲ್ಲೇ ಬಾಣಂತಿಯರ ವ್ಯಾಯಾಮಗಳ ಪುಸ್ತಕ ಪ್ರಕಟಿಸಿದ್ದರು. 1948ರಲ್ಲಿ ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ ತಮ್ಮ ಅನುಭವವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು; ಕೆಗೆಲ್ ವ್ಯಾಯಾಮವೆಂಬ ಹೆಸರು ಬಂದದ್ದು ಅವರಿಂದ. ಸಾಕ್ಷ್ಯವೂ ಗಟ್ಟಿಯಾಗಿದೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆ 14 ದೇಶಗಳ 1817 ಮಹಿಳೆಯರ ಮೇಲೆ ನಡೆದ 31 ಪ್ರಯೋಗಗಳನ್ನು ಪರಿಶೀಲಿಸಿತು. ಕೆಮ್ಮಿದಾಗ ಸೋರುವ ಬಗೆಯ ತೊಂದರೆಯಲ್ಲಿ, ಈ ವ್ಯಾಯಾಮ ಕಲಿತವರ ಪೈಕಿ ನೂರಕ್ಕೆ 56 ಮಂದಿ ತಮಗೆ ವಾಸಿಯಾಯಿತೆಂದರೆ, ಕಲಿಯದವರ ಪೈಕಿ ಹಾಗೆಂದವರು 6 ಮಂದಿ. ಶ್ರೋಣಿಯ ಅಂಗಗಳು ಜಾರಿದವರ ಬಗ್ಗೆ 447 ಮಹಿಳೆಯರೊಡನೆ ನಡೆದ ಪ್ರಯೋಗವೊಂದು 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ವ್ಯಾಯಾಮ ಕಲಿಸಿದಾಗ ಅವರ ತೊಂದರೆಯ ಲಕ್ಷಣಗಳು ಕಡಿಮೆಯಾದವು. ಫ್ರಾನ್ಸಿನಲ್ಲಿ ಹೆರಿಗೆಯಾದ ತಾಯಂದಿರಿಗೆ ಇಂಥ ಹತ್ತು ಅಭ್ಯಾಸಗಳ ವೆಚ್ಚವನ್ನು ಸಾರ್ವಜನಿಕ ಆರೋಗ್ಯ ವಿಮೆಯೇ ಭರಿಸುತ್ತದೆ.

ಇದು ಬರಿಯ ಬಿಗಿಹಿಡಿಯುವ ವಿದ್ಯೆಯೂ ಅಲ್ಲ. ಕೆಲವರಿಗೆ ಈ ಸ್ನಾಯುಗಳು ಅತಿಯಾಗಿ ಬಿಗಿದುಕೊಂಡಿರುತ್ತವೆ. ಅಂಥವರಿಗೆ ದಾಂಪತ್ಯದ ಸಮೀಪತೆಯೇ ನೋವಾಗುತ್ತದೆ; ಮದುವೆಯಾಗಿ ವರ್ಷಗಳಾದರೂ ಬಾಯಿಬಿಡದೆ, ಮನೆಯವರ ಚುಚ್ಚುಮಾತು ಕೇಳುತ್ತ, ದೋಷ ತಮ್ಮದೇ ಎಂದು ಕೊರಗುವ ಹುಡುಗಿಯರಿದ್ದಾರೆ. ಅವರು ಕೆಗೆಲ್ ವ್ಯಾಯಾಮ ಮಾಡಿದರೆ ನೋವು ಹೆಚ್ಚಬಹುದು. ಅವರಿಗೆ ಕಲಿಸಬೇಕಾದದ್ದು ಉಸಿರಾಟದೊಡನೆ ಸಡಿಲಿಸುವುದನ್ನು. ಇದೂ ಫಿಸಿಯೋಥೆರಪಿಸ್ಟರ ಕೆಲಸವೇ. ಇನ್ನು ನನ್ನ ಹುಡುಗರೇ, ನೀವೂ ಈಗ ಐವತ್ತು, ಅರುವತ್ತು ದಾಟಿದವರು. ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಕ್ರಿಯೆಯಾದ ಮೇಲೆ ಮೂತ್ರ ಸೋರಿದರೆ ನಿಮಗೂ ಇದೇ ವ್ಯಾಯಾಮವನ್ನು ಹೇಳಿಕೊಡುತ್ತಾರೆ. ನಗಬೇಡಿ, ಹಿಂದಿನ ಬೆಂಚಿನವರೇ.

ಎಲ್ಲಕ್ಕೂ ಇದೇ ಮದ್ದೆಂದು ನಾನು ಹೇಳುತ್ತಿಲ್ಲ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಮೂತ್ರದಲ್ಲಿ ರಕ್ತ ಬಂದರೆ, ಮೂತ್ರ ಕಟ್ಟಿಕೊಂಡರೆ, ಮೊದಲು ಹೋಗಬೇಕಾದದ್ದು ವೈದ್ಯರ ಬಳಿಗೆ. ನಮ್ಮಮ್ಮನಂತೆ ಪೂರ್ತಿ ಜಾರಿದ್ದರೆ ವ್ಯಾಯಾಮವೊಂದರಿಂದಲೇ ಮರಳಿ ಮೇಲೇರದು. ಒಳಗೆ ಇಡುವ ಪೆಸರಿಯೆಂಬ ಸಿಲಿಕೋನ್ ಉಂಗುರವಿದೆ, ಶಸ್ತ್ರಕ್ರಿಯೆಯಿದೆ. ಹಾಗಾದಾಗಲೂ ಅದನ್ನು ಮುಚ್ಚಿಟ್ಟು ಹುಣ್ಣು ಮಾಡಿಕೊಳ್ಳಬೇಕಿಲ್ಲ.

ನನಗೆ ಕಳವಳವಾಗುವುದು, ಮೊದಲನೆಯ ಮೆಟ್ಟಿಲನ್ನು ಬಿಟ್ಟು ನಮ್ಮವರು ಕೊನೆಯ ಮೆಟ್ಟಿಲಿಗೇ ಹಾರುವುದನ್ನು ಕಂಡಾಗ. ನಮ್ಮ ಮನೆಗೆಲಸಕ್ಕೆ ಬರುತ್ತಿದ್ದಾಕೆ ಮೂವತ್ತಾರರ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಂಡಳು. "ಮಕ್ಕಳಾಯಿತಲ್ಲ, ಇನ್ನೇಕೆ ಅದು" ಎಂದು ಯಾರೋ ಹೇಳಿದರಂತೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ನೂರಕ್ಕೆ ಸುಮಾರು ಮೂವರು ಗರ್ಭಕೋಶ ತೆಗೆಸಿಕೊಂಡವರು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದರ ವಿರುದ್ಧ 2023ರಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಮಾರ್ಗಸೂಚಿ ಪಾಲಿಸಲು ಆದೇಶಿಸಬೇಕಾಯಿತು. ಕ್ಯಾನ್ಸರ್, ತಡೆಯಲಾಗದ ರಕ್ತಸ್ರಾವದಂಥ ಕಾರಣಗಳಿಗೆ ಅದು ಜೀವ ಉಳಿಸುವ ಶಸ್ತ್ರಕ್ರಿಯೆಯೇ. ಆದರೆ ಹರಿದ ಜೋಲಿಯಲ್ಲಿರುವ ಸಾಮಾನೊಂದನ್ನು ತೆಗೆದುಬಿಟ್ಟರೆ ಜೋಲಿ ಗಟ್ಟಿಯಾಗುವುದಿಲ್ಲ. ಸೋರುವುದು, ಸ್ವಲ್ಪ ಜಾರಿರುವುದು ಮಾತ್ರ ತೊಂದರೆಯಾಗಿದ್ದರೆ, "ಮೊದಲು ಫಿಸಿಯೋಥೆರಪಿ ಮಾಡಿನೋಡಬಹುದೇ?" ಎಂಬ ಒಂದು ಪ್ರಶ್ನೆಯನ್ನು ಪ್ರತಿಯೊಬ್ಬ ಹೆಣ್ಣುಮಗಳೂ ವೈದ್ಯರಿಗೆ ಕೇಳುವಂತಾಗಬೇಕು.

ಬಂಧುಗಳಲ್ಲಿ ಹಿರಿಯರು ಇದನ್ನು ಓದಿ, "ಇದೆಲ್ಲ ನಾಲ್ಕು ಜನರೆದುರು ಬರೆಯುವ ವಿಷಯವೇ?" ಎಂದು ಬೇಸರಿಸಬಹುದು. ಬರೆಯದೆ ಇದ್ದದ್ದರ ಫಲವನ್ನು ನಾನು ಬಚ್ಚಲಮನೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ಇನ್ನು ಕೆಲವರು, "ನಮ್ಮಜ್ಜಿಯರು ಬೀಸಿ, ಕುಟ್ಟಿ, ಹತ್ತು ಹೆತ್ತರು, ಅವರಿಗೆ ಯಾವ ಫಿಸಿಯೋಥೆರಪಿಯಿತ್ತು?" ಎನ್ನುತ್ತಾರೆ. ಇರಲಿಲ್ಲ, ನಿಜ. ಅವರು ಗಟ್ಟಿಯಾಗಿದ್ದರೆಂದು ನಮಗೆ ಹೇಳಿದವರು ಯಾರು? ಅವರು ಹೇಳಿಕೊಳ್ಳಲಿಲ್ಲ ಎಂಬುದಷ್ಟೇ ನಮಗೆ ಗೊತ್ತಿರುವುದು. "ಯೋಗದಲ್ಲಿ ಮೂಲಬಂಧವಿದೆಯಲ್ಲ" ಎನ್ನುವವರೂ ಇದ್ದಾರೆ. ಹಠಯೋಗ ಪ್ರದೀಪಿಕೆಯಲ್ಲಿ ಅದರ ವಿವರಣೆಯಿದೆ, ಚಲನೆಯಲ್ಲಿ ಹೋಲಿಕೆಯೂ ಇದೆ. ಅದನ್ನು ಬಲ್ಲವರಿಗೆ ಇದು ಬೇಗ ಒಲಿಯಬಹುದು. ಆದರೆ ಯಾರಿಗೆ ಬಿಗಿ ಬೇಕು, ಯಾರಿಗೆ ಸಡಿಲಿಕೆ ಬೇಕು ಎಂಬುದನ್ನು ಪರೀಕ್ಷೆ ಮಾಡಿಯೇ ಹೇಳಬೇಕು. ನೂರು ಜನರನ್ನು ಚಾಪೆಯ ಮೇಲೆ ಕೂರಿಸಿ ಒಟ್ಟಿಗೆ ಹೇಳುವ ಮಾತಲ್ಲ ಅದು.

ನಿಜವಾದ ಅಡ್ಡಿ ಬೇರೆಯಿದೆ. ಇಂಥ ತಜ್ಞರು ನನಗೆ ಸಿಕ್ಕದ್ದು ಬೆಂಗಳೂರಿನಲ್ಲಿ, ಅದೂ ಶಿಷ್ಯೆಯೊಬ್ಬಳ ದೆಸೆಯಿಂದ. ನಮ್ಮೂರಿನ ಹೆಣ್ಣುಮಗಳು ಎಲ್ಲಿಗೆ ಹೋಗಬೇಕು? ಹೆಚ್ಚಿನ ಖರ್ಚಿಲ್ಲದೆ ಮಾಡಬಹುದಾದ ಮೂರು ಕೆಲಸಗಳು ನನಗೆ ತೋರುತ್ತವೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ ಮೂರನೆಯ ದಿನದಿಂದ ನಲವತ್ತೆರಡನೆಯ ದಿನದವರೆಗೆ ಆರು ಸಲ ಬರುವ ಏರ್ಪಾಡು ಈಗಾಗಲೇ ಇದೆ. ಕೊನೆಯ ಭೇಟಿಯಲ್ಲಿ ಮಗುವಿನ ತೂಕದ ಜೊತೆಗೆ, "ಕೆಮ್ಮಿದರೆ ಸೋರುತ್ತದೆಯೇ ಅಮ್ಮಾ?" ಎಂದು ತಾಯಿಯನ್ನೂ ಒಂದು ಮಾತು ಕೇಳಲಿ, ತಾಯಿ ಕಾರ್ಡಿನಲ್ಲಿ ಅದಕ್ಕೊಂದು ಸಾಲು ಇರಲಿ. ಎರಡನೆಯದಾಗಿ, ಜಿಲ್ಲಾ ಆಸ್ಪತ್ರೆಗಳ ಫಿಸಿಯೋಥೆರಪಿ ವಿಭಾಗದಲ್ಲಿ ಒಬ್ಬ ಮಹಿಳೆಗಾದರೂ ಈ ತರಬೇತಿ ಕೊಡಿಸಿ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಕೊಡಲಿ.

ಮೂರನೆಯದು ನಮ್ಮದು, ಶಿಕ್ಷಕರದು. ಇಂಗ್ಲೆಂಡಿನ ಆರೋಗ್ಯ ಸೇವೆಗೆ ಮಾರ್ಗಸೂಚಿ ರೂಪಿಸುವ ನೈಸ್ ಎಂಬ ಸಂಸ್ಥೆ, 12ರಿಂದ 17 ವಯಸ್ಸಿನ ಹುಡುಗಿಯರಿಗೆ ಶಾಲೆಯಲ್ಲೇ ಈ ಸ್ನಾಯುಗಳ ಬಗ್ಗೆ ಕಲಿಸುವುದನ್ನು ಪರಿಗಣಿಸಬೇಕೆಂದು 2021ರ ಡಿಸೆಂಬರಿನಲ್ಲಿ ಹೇಳಿತು. ಅದನ್ನು ಓದಿದ ದಿನ ನನಗೆ ದಾಸವಾಳದ ಹೂವು ನೆನಪಾಯಿತು. ನಮ್ಮ ಶಾಲೆಯಲ್ಲೂ ಕಲಿಸಬೇಕಾದ ವಯಸ್ಸು ಅದೇ, ತರಗತಿ ಅದೇ, ಪುಸ್ತಕ ಮುಚ್ಚಿದ ಕೈ ಮಾತ್ರ ನನ್ನದು. ನಿಮ್ಮಲ್ಲಿ ಎಷ್ಟೋ ಮಂದಿ ಈಗ ಶಿಕ್ಷಕರಾಗಿದ್ದೀರಿ. ಆ ಅಧ್ಯಾಯ ಬಂದಾಗ ಮುಂದಿನ ಪುಟ ತಿರುವಿ. ಹುಡುಗಿಯರನ್ನೂ ಹುಡುಗರನ್ನೂ ಒಟ್ಟಿಗೆ ಕೂರಿಸಿಯೇ ಹೇಳಿ. ನಾಳೆ ಹೆಂಡತಿಗೆ ಹೀಗಾದಾಗ ಆಸ್ಪತ್ರೆಗೆ ಕರೆದೊಯ್ಯಬೇಕಾದವರು ಆ ಹುಡುಗರೇ. ಶಾಲೆಯ ಶೌಚಾಲಯದ ಬೀಗದಕೈ ಯಾರದೋ ಮೇಜಿನ ಡ್ರಾಯರಿನಲ್ಲಿದ್ದರೆ ಅದನ್ನು ತೆಗೆಸಿ. ಬಿಡುವಿನ ಹೊತ್ತಿನಲ್ಲದೆ ಬೇರೆ ಹೊತ್ತಿನಲ್ಲಿ ಹೋಗಬೇಕೆಂದ ಮಗುವನ್ನು ಗದರಬೇಡಿ. ನಾನು ಗದರಿದ್ದೇನೆ. ಅದಕ್ಕೂ ಇಲ್ಲೇ ಕ್ಷಮೆ ಕೇಳುತ್ತೇನೆ.

ಕಳೆದ ತಿಂಗಳು ಮೊಮ್ಮಗಳು ಬಾಣಂತನಕ್ಕೆ ಬಂದಿದ್ದಳು. ಸ್ನಾನ ಮಾಡಿಸಿ, ಸಾಂಬ್ರಾಣಿ ಹೊಗೆ ಹಾಕಿ, ಕೂದಲು ಒರೆಸುತ್ತ ಕೇಳಿಯೇಬಿಟ್ಟೆ: "ಕೆಮ್ಮಿದರೆ ಏನಾದರೂ ಆಗುತ್ತದೇನೇ?" ಒಂದು ಗಳಿಗೆ ಸುಮ್ಮನಿದ್ದಳು. ಆಮೇಲೆ, "ಹೂಂ ಅಜ್ಜಿ, ನಿಮಗೆ ಹೇಗೆ ಗೊತ್ತು?" ಎಂದಳು. ಮರುವಾರವೇ ನನ್ನ ಶಿಷ್ಯೆಯ ಬಳಿಗೆ ಕರೆದುಕೊಂಡು ಹೋದೆ. ಈಗ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಎರಡು ಬಣ್ಣದ ಗೀಟುಗಳು ಬೀಳುತ್ತಿವೆ. ನೀಲಿ ನನ್ನದು, ಕೆಂಪು ಅವಳದು.

ಇಷ್ಟು ಓದಿದ ಮೇಲೆ ನೀವು ಮಾಡಬೇಕಾದ ಮನೆಪಾಠ ಒಂದೇ. ನಿಮ್ಮ ಮನೆಯಲ್ಲಿ ಮಣೆಯ ಮೇಲೆ ವಾಲಿ ಕೂರುವ ತಾಯಿಯೋ, ಪ್ರಯಾಣವೆಂದರೆ ನೀರು ಮುಟ್ಟದ ಅತ್ತೆಯೋ, ನಗುವಾಗ ಕಾಲು ಹೆಣೆಯುವ ಹೆಂಡತಿಯೋ ಇದ್ದರೆ, ಇಂದು ಸಂಜೆ ಅವರ ಬಳಿ ಕುಳಿತು ಕೇಳಿ. ಹೇಗೆ ಕೇಳಬೇಕೆಂದು ತಿಳಿಯದಿದ್ದರೆ, ನಮ್ಮ ಮೇಡಂ ಹೀಗೆ ಬರೆದಿದ್ದಾರೆ ಎಂದು ಇದನ್ನೇ ಓದಿಹೇಳಿ. ಪುಸ್ತಕ ಮುಚ್ಚಬೇಡಿ.

ನಿಮ್ಮ ವಿಜ್ಞಾನದ ಮೇಡಂ